ಆಟದ ಬಾಗಿಲಲ್ಲೊಂದು ಸುಂಕದ ಕಟ್ಟೆ

ಪ್ಲೇಸ್ಟೇಷನ್ 5ಕ್ಕೆ ಬರುವ ಸೋನಿಯ ದೊಡ್ಡ ಆಟವೊಂದಕ್ಕೆ ನಮ್ಮಲ್ಲಿ 4,999 ರೂಪಾಯಿಯವರೆಗೂ ಬೆಲೆಯಿದೆ. ಯಂತ್ರದ ದುಡ್ಡು ಬೇರೆ, ಮನೆಯ ಇಂಟರ್ನೆಟ್ ಬಿಲ್ಲು ಬೇರೆ. ಇಷ್ಟೆಲ್ಲ ತೆತ್ತವನು ಬೇರೆ ಊರಿನಲ್ಲಿರುವ ಗೆಳೆಯನ ಜೊತೆ ಆನ್‌ಲೈನ್‌ನಲ್ಲಿ ಆಡೋಣವೆಂದು ಹೊರಟರೆ, ಬಹುಪಾಲು ಆಟಗಳಲ್ಲಿ ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಪ್ಲೇಸ್ಟೇಷನ್ ಪ್ಲಸ್ ಚಂದಾ ಇದೆಯೇ? ಅದೇ ಆಟ ಕಂಪ್ಯೂಟರಿನಲ್ಲಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಟಿವಿಗೆ ಸಿಕ್ಕಿಸುವ ಪೆಟ್ಟಿಗೆಗೆ ಮಾತ್ರ ಈ ಸುಂಕ ಹೇಗೆ ಅಂಟಿಕೊಂಡಿತು?

ಶುರುವಿನಲ್ಲಿ ಕೇಳಿದ ದುಡ್ಡಿಗೆ ನ್ಯಾಯವಾದ ಕಾರಣವೇ ಇತ್ತು. 1994ರಲ್ಲಿ ಅಮೆರಿಕದ ಕ್ಯಾಟಪಲ್ಟ್ ಎಂಬ ಸಣ್ಣ ಕಂಪನಿ ಎಕ್ಸ್‌ಬ್ಯಾಂಡ್ ಎಂಬ ಮೋಡೆಮ್ ತಂದಿತು. ಸೆಗಾ ಜೆನೆಸಿಸ್‌ನಲ್ಲಿ ಕಾರ್ಟ್ರಿಜ್ ಇಡುವ ಜಾಗಕ್ಕೆ ಅದನ್ನು ಕೂರಿಸಿ, ಅದರ ಮೇಲೆ ಆಟದ ಕಾರ್ಟ್ರಿಜ್ ಚುಚ್ಚಿ, ಟೆಲಿಫೋನ್ ತಂತಿ ಜೋಡಿಸಿದರೆ ಇನ್ನೊಂದು ಮನೆಯ ಹುಡುಗನ ಜೊತೆ ಕುಸ್ತಿಗಿಳಿಯಬಹುದಿತ್ತು. ತಿಂಗಳ ಬಾಡಿಗೆ ಕೊಡಬೇಕು, ಅಪ್ಪ ಫೋನ್ ಮಾಡುವಂತಿಲ್ಲ. 1997ರ ಹೊತ್ತಿಗೆ ಅದು ಮುಚ್ಚಿತು. ಸೆಗಾ ಡ್ರೀಮ್‌ಕಾಸ್ಟ್ ಯಂತ್ರದೊಳಗೇ ಮೋಡೆಮ್ ಇಟ್ಟುಕೊಂಡು ಬಂತು. 2000ದಲ್ಲಿ ಶುರುವಾದ ಸೆಗಾನೆಟ್‌ಗೆ ಅಮೆರಿಕದಲ್ಲಿ ತಿಂಗಳಿಗೆ 21.95 ಡಾಲರ್. ಆದರೆ ಅದು ಬರೀ ಆಟದ ದುಡ್ಡಲ್ಲ, ಇಂಟರ್ನೆಟ್ ಸಂಪರ್ಕದ್ದೇ ದುಡ್ಡು. ಮರುವರ್ಷವೇ ಡ್ರೀಮ್‌ಕಾಸ್ಟ್ ತಯಾರಿಕೆ ನಿಂತಿತು.

ಕಂಪ್ಯೂಟರಿನವರ ಕಥೆ ಬೇರೆ. 1996ರ ಕ್ವೇಕ್ ಆಟಕ್ಕೆ ಯಾರು ಬೇಕಾದರೂ ತಮ್ಮದೇ ಸರ್ವರ್ ಹೂಡಬಹುದಿತ್ತು. ಡಯಾಬ್ಲೊ ಜೊತೆ ಬಂದ ಬ್ಯಾಟಲ್.ನೆಟ್ ಪುಕ್ಕಟೆ. ತಿಂಗಳ ಚಂದಾ ಕೇಳುತ್ತಿದ್ದವು ಎವರ್‌ಕ್ವೆಸ್ಟ್‌ನಂಥ ಆಟಗಳು; ಅಲ್ಲಿ ಸಾವಿರಾರು ಜನ ಒಟ್ಟಿಗೆ ಬದುಕುವ ಲೋಕವೊಂದನ್ನು ಕಂಪನಿ ಹಗಲೂ ರಾತ್ರಿ ನಡೆಸಬೇಕಿತ್ತು. ಆ ಚಂದಾ ಆಟದ್ದೇ ಹೊರತು ಆಡುವ ಯಂತ್ರದ್ದಲ್ಲ.

ಯಂತ್ರಕ್ಕೇ ಚಂದಾ ಕಟ್ಟಿಸುವ ಪದ್ಧತಿಯನ್ನು ಗಟ್ಟಿಯಾಗಿ ನೆಟ್ಟದ್ದು ಮೈಕ್ರೋಸಾಫ್ಟ್. 2001ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಬಂದಾಗ ಅದರ ಬೆನ್ನಿಗೆ ಈಥರ್ನೆಟ್ ಕಿಂಡಿಯಿತ್ತು, ಟೆಲಿಫೋನ್ ಮೋಡೆಮ್ ಇರಲಿಲ್ಲ. ಅಮೆರಿಕದ ಬಹಳಷ್ಟು ಮನೆಗಳಲ್ಲಿ ಇನ್ನೂ ಕಿರ್‌ಗುಟ್ಟುವ ಡಯಲ್‌ಅಪ್ ಇದ್ದ ಕಾಲದಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದವರು ಬೇಡ ಎಂದುಬಿಡುವುದಕ್ಕೆ ಎದೆಗಾರಿಕೆ ಬೇಕು. ಜೆ. ಅಲಾರ್ಡ್ ಮುಂದಾಳತ್ವದ ತಂಡ ಅದನ್ನೇ ಮಾಡಿತು. ಸರಿಯಾಗಿ ಒಂದು ವರ್ಷಕ್ಕೆ, 2002ರ ನವೆಂಬರ್ 15ರಂದು ಎಕ್ಸ್‌ಬಾಕ್ಸ್ ಲೈವ್ ತೆರೆಯಿತು.

ಅವತ್ತು ಅಂಗಡಿಯಲ್ಲಿ ಮಾರಿದ್ದು 49.99 ಡಾಲರಿನ ಒಂದು ಡಬ್ಬಿ. ಅದರಲ್ಲಿ ಒಂದು ವರ್ಷದ ಚಂದಾ, ಒಂದೇ ಕಿವಿಗೆ ಹಾಕುವ ಹೆಡ್‌ಸೆಟ್, ಕಂಟ್ರೋಲರಿನ ತಲೆಯ ಮೇಲಿನ ಕಿಂಡಿಗೆ ಸಿಕ್ಕಿಸುವ ಧ್ವನಿಯ ತುಣುಕು, ಜೊತೆಗೆ ಆಡಿ ನೋಡಲು ಮೆಕ್‌ಅಸಾಲ್ಟ್ ಆಟದ ಮಾದರಿ. ಬೇಕಾದರೆ ದನಿ ಬದಲಿಸಿಕೊಂಡು ಮಾತಾಡಬಹುದಿತ್ತು: ಹನ್ನೆರಡರ ಪೋರ ರಾಕ್ಷಸನ ಗಂಟಲಲ್ಲಿ ಗುಡುಗಬಹುದು! ನಿಜವಾದ ಸರಕು ಮಾತ್ರ ಡಬ್ಬಿಯಲ್ಲಿ ಕಾಣುವಂಥದ್ದಲ್ಲ. ಎಲ್ಲ ಆಟಕ್ಕೂ ಒಂದೇ ಹೆಸರು, ಒಂದೇ ಗೆಳೆಯರ ಪಟ್ಟಿ. ನೀವು ಕಾರು ಓಡಿಸುತ್ತಿರುವಾಗಲೇ ಇನ್ನೊಂದು ಆಟದಲ್ಲಿರುವ ಗೆಳೆಯ ಬಾ ಎಂದು ಕರೆ ಕಳಿಸಬಹುದು.

ಇದರ ಬೆಲೆ ಗೊತ್ತಾಗಬೇಕಾದರೆ ಪಕ್ಕದ ಅಂಗಡಿ ನೋಡಬೇಕು. ಅದೇ 2002ರ ಆಗಸ್ಟ್‌ನಲ್ಲಿ ಸೋನಿ ಪ್ಲೇಸ್ಟೇಷನ್ 2ಕ್ಕೆ 39.99 ಡಾಲರಿನ ನೆಟ್‌ವರ್ಕ್ ಅಡಾಪ್ಟರ್ ಬಿಟ್ಟಿತು. ಚಂದಾ ಇಲ್ಲ. ಆದರೆ ಪ್ರತಿ ಆಟದ ಕಂಪನಿಯೂ ತನ್ನ ವ್ಯವಸ್ಥೆಯನ್ನು ತಾನೇ ನೋಡಿಕೊಳ್ಳಬೇಕು. ಆಡುವವನಿಗೆ ಆಟಕ್ಕೊಂದು ಲಾಗಿನ್, ಆಟಕ್ಕೊಂದು ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆ ಐವತ್ತು ಡಾಲರ್ ದುಬಾರಿ ಎನ್ನಲು ನನಗೆ ಮನಸ್ಸು ಬಾರದು. ವಿಶ್ವದ ದೊಡ್ಡ ಕ್ರೀಡಾ ಆಟಗಳ ಕಂಪನಿ ಇಎಗೆ ಮಾತ್ರ ಇದು ಹಿಡಿಸಲಿಲ್ಲ. ಗಿರಾಕಿ ಯಾರವನು, ದುಡ್ಡು ಯಾರ ಜೇಬಿಗೆ ಎಂಬ ಜಗಳದಲ್ಲಿ ಅದು ದೂರವೇ ಉಳಿದು, 2004ರ ಮೇ ತಿಂಗಳಲ್ಲಿ ರಾಜಿಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ನ ಹೇಲೋ 2 ಆಟ ಬಂತು. ಆಮೇಲೆ ಯಾರಿಗೂ ಏನನ್ನೂ ಒಪ್ಪಿಸುವ ಅಗತ್ಯ ಬೀಳಲಿಲ್ಲ.

2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಚಂದಾ ಎರಡಾಗಿ ಸೀಳಿತು. ಬೆಳ್ಳಿ ಪುಕ್ಕಟೆ, ಚಿನ್ನಕ್ಕೆ ದುಡ್ಡು. ಬೆಳ್ಳಿಯವನಿಗೂ ಹೆಸರುಂಟು, ಗೆಳೆಯರ ಪಟ್ಟಿಯುಂಟು, ಅಂಗಡಿಯುಂಟು. ಗೆಳೆಯರ ಜೊತೆ ಆಡುವುದೊಂದು ಮಾತ್ರ ಇಲ್ಲ. ಅಂದರೆ ದುಬಾರಿ ವ್ಯವಸ್ಥೆಯೆಲ್ಲ ಬಿಟ್ಟಿ, ಬೀಗ ಇರುವುದು ಆಟಕ್ಕೆ. ಸರ್ವರ್ ಖರ್ಚು ಎಂಬ ಸಮರ್ಥನೆ ಸಡಿಲವಾಗುವುದು ಇಲ್ಲೇ. ಆ ಕಾಲದ ಬಹಳಷ್ಟು ಆಟಗಳಲ್ಲಿ ಕಂಪನಿಯ ಸರ್ವರ್ ಮಾಡುತ್ತಿದ್ದುದು ಎದುರಾಳಿಗಳನ್ನು ಹುಡುಕಿ ಜೊತೆಗೂಡಿಸುವ ಕೆಲಸವಷ್ಟೆ. ಪಂದ್ಯ ನಡೆಯುತ್ತಿದ್ದುದು ಆಡುವವರಲ್ಲೇ ಒಬ್ಬನ ಯಂತ್ರದ ಮೇಲೆ, ಅವನ ಮನೆಯ ಇಂಟರ್ನೆಟ್‌ನಲ್ಲಿ. ಅವನ ಗುಂಡು ಒಂದು ಕ್ಷಣ ಮೊದಲೇ ತಗಲುತ್ತಿತ್ತು. ಸೋತ ಸಿಟ್ಟಿಗೆ ಅವನು ಸ್ವಿಚ್ ಆರಿಸಿದರೆ ಉಳಿದವರೆಲ್ಲ ಹೊಸ ಯಜಮಾನ ಸಿಗುವವರೆಗೆ ಕಾಯಬೇಕು, ಇಲ್ಲವೇ ಪಂದ್ಯವೇ ಹೋಯಿತು.

ಹಳೆಯ ಎಕ್ಸ್‌ಬಾಕ್ಸ್‌ನ ಲೈವ್ ಸೇವೆಯನ್ನು 2010ರ ಏಪ್ರಿಲ್ 15ರಂದು ಮುಚ್ಚಿದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಆ ಹೊತ್ತಿಗೆ ಹೇಲೋ 2 ಆಡುತ್ತ ಸಂಪರ್ಕದಲ್ಲಿದ್ದ ಕೆಲವರು ಯಂತ್ರ ಆರಿಸಲೇ ಇಲ್ಲ. ಹೊಸಬರಿಗೆ ಬಾಗಿಲು ಮುಚ್ಚಿತ್ತು, ಒಳಗಿದ್ದವರ ಆಟ ನಡೆದೇ ಇತ್ತು. ಬಿಸಿಯೇರಿ ಕೆಟ್ಟ ಯಂತ್ರ, ಕೈಕೊಟ್ಟ ಸಂಪರ್ಕ ಎಂದು ಒಬ್ಬೊಬ್ಬರೇ ಉದುರುತ್ತ ಬಂದು, ಕೊನೆಯವನು ಹೊರಬಿದ್ದದ್ದು ಮೇ ತಿಂಗಳ ಎರಡನೇ ವಾರದಲ್ಲಿ.

ಆದರೂ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಘಟನೆ ನಡೆದದ್ದು ಕನ್ಸೋಲಿನಲ್ಲಿ ಅಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ಇದೇ ಚಿನ್ನದ ಚಂದಾವನ್ನು ವಿಂಡೋಸ್ ಕಂಪ್ಯೂಟರುಗಳಿಗೂ ತಂದಿತು. ಅದೇ ಕಂಪನಿ, ಹೆಚ್ಚುಕಡಿಮೆ ಅದೇ ಸೌಲಭ್ಯ, ಅದೇ ಐವತ್ತು ಡಾಲರ್. ಕಂಪ್ಯೂಟರಿನವರು ತಿರುಗಿಯೂ ನೋಡಲಿಲ್ಲ. ಅವರಿಗೆ ಹೋಗಲು ಹತ್ತು ದಾರಿಗಳಿದ್ದವು. ವಾಲ್ವ್ ಕಂಪನಿಯ ಸ್ಟೀಮ್ 2003ರಿಂದಲೇ ಪುಕ್ಕಟೆ ನಡೆಯುತ್ತಿತ್ತು. 2008ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ಶುಲ್ಕವನ್ನು ಕಿತ್ತುಹಾಕಿತು. ಟಿವಿಯ ಕೆಳಗಿನ ಪೆಟ್ಟಿಗೆಯಲ್ಲಿ ಮಾತ್ರ ಅದು ಇದ್ದ ಹಾಗೇ ಇತ್ತು. 2010ರ ನವೆಂಬರ್‌ನಲ್ಲಿ ವರ್ಷಕ್ಕೆ 59.99 ಡಾಲರಿಗೆ ಏರಿತು ಕೂಡ. ಸುಂಕದ ದರ ನಿಗದಿಯಾಗುವುದು ರಸ್ತೆಗೆ ಎಷ್ಟು ಖರ್ಚಾಯಿತು ಎಂಬುದರಿಂದಲ್ಲ, ಪಕ್ಕದಲ್ಲಿ ಬೇರೆ ದಾರಿ ಇದೆಯೇ ಎಂಬುದರಿಂದ.

ದಾರಿ ಒಂದೇ ಎಂದ ಮೇಲೆ ಎರಡನೆಯ ಗೇಟು ಹಾಕುವವರೂ ಹುಟ್ಟಿಕೊಂಡರು. 2010ರಲ್ಲಿ ಇಎ ತನ್ನ ಕ್ರೀಡಾ ಆಟಗಳಿಗೆ ಆನ್‌ಲೈನ್ ಪಾಸ್ ತಂದಿತು. ಹೊಸ ಡಿಸ್ಕಿನ ಡಬ್ಬಿಯಲ್ಲಿ ಒಂದೇ ಸಲ ಬಳಸಬಹುದಾದ ಸಂಕೇತ. ಸೆಕೆಂಡ್‌ಹ್ಯಾಂಡ್ ಕೊಂಡವನು ಆನ್‌ಲೈನ್ ಆಡಬೇಕಾದರೆ ಇನ್ನೂ ಹತ್ತು ಡಾಲರ್ ಕೊಡಬೇಕು. ಹಳೆಯ ಆಟಗಳ ಮಾರಾಟದಲ್ಲಿ ತನಗೆ ಕಾಸೂ ಹುಟ್ಟದು ಎಂಬುದು ಕಂಪನಿಯ ಸಂಕಟ. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಜನರ ಬೈಗುಳ ತಿಂದು 2013ರಲ್ಲಿ ಇಎ ಅದನ್ನು ಕೈಬಿಟ್ಟಿತು.

ಸೋನಿಯ ಪ್ಲೇಸ್ಟೇಷನ್ 3 ಈ ಕಾಲದುದ್ದಕ್ಕೂ ಉಚಿತವಾಗಿಯೇ ಉಳಿದಿತ್ತು, ಮೈಕ್ರೋಸಾಫ್ಟನ್ನು ಹೀಯಾಳಿಸಲು ಅದರ ಅಭಿಮಾನಿಗಳಿಗೆ ಸಿಕ್ಕ ದೊಡ್ಡ ಅಸ್ತ್ರವೂ ಅದೇ. 2011ರ ಏಪ್ರಿಲ್‌ನಲ್ಲಿ ಸೋನಿಯ ಆನ್‌ಲೈನ್ ಜಾಲಕ್ಕೆ ಕನ್ನ ಬಿದ್ದು 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೀಡಾಗಿ, ಜಾಲ ಮೂರು ವಾರಕ್ಕೂ ಹೆಚ್ಚು ಕಾಲ ಬಂದಾಯಿತು. ಬಿಟ್ಟಿ ಸೇವೆ ಎಂದರೆ ಇಷ್ಟೇ ಎಂದು ಆಗ ಎದುರು ಪಾಳಯದವರು ನಕ್ಕರು.

2013ರ ಜೂನ್ 10, ಲಾಸ್ ಏಂಜಲೀಸ್. ತನ್ನ ಹೊಸ ಎಕ್ಸ್‌ಬಾಕ್ಸ್‌ನಲ್ಲಿ ಹಳೆಯ ಡಿಸ್ಕುಗಳ ಮೇಲೆ ನಿರ್ಬಂಧ, ದಿನಕ್ಕೊಮ್ಮೆ ಇಂಟರ್ನೆಟ್‌ನಲ್ಲಿ ಹಾಜರಿ ಎಂದೆಲ್ಲ ಹೇಳಿ ಮೈಕ್ರೋಸಾಫ್ಟ್ ಜನರನ್ನು ಕೆರಳಿಸಿತ್ತು. ಅವತ್ತು ಸಂಜೆ ಸೋನಿಯ ಜ್ಯಾಕ್ ಟ್ರೆಟನ್ ವೇದಿಕೆಯಲ್ಲಿ ನಿಂತು, ಪ್ಲೇಸ್ಟೇಷನ್ 4ರಲ್ಲಿ ಅಂಥ ಯಾವ ಕಟ್ಟುಪಾಡೂ ಇಲ್ಲ ಎಂದಾಗ ಸಭಾಂಗಣ ಕಿತ್ತುಹೋಗುವಂತೆ ಚಪ್ಪಾಳೆ. ಬೆಲೆ 399 ಡಾಲರ್, ಎಕ್ಸ್‌ಬಾಕ್ಸ್‌ಗಿಂತ ನೂರು ಕಡಿಮೆ, ಇನ್ನೊಂದು ಚಪ್ಪಾಳೆ. ಹೊಸ ಯಂತ್ರದಲ್ಲಿ ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು ಎಂಬ ಸುದ್ದಿಯೂ ಅದೇ ಸಭೆಯಲ್ಲಿ ಹೊರಬಂತು. ಏಳು ವರ್ಷ ಉಚಿತವಾಗಿದ್ದದ್ದು ಚಪ್ಪಾಳೆಯ ಸದ್ದಿನಲ್ಲಿ ಸದ್ದಿಲ್ಲದೆ ಹೋಯಿತು. ಚಂದಾದಾರರಿಗೆ ಪ್ರತಿ ತಿಂಗಳೂ ಕೆಲವು ಆಟಗಳು ಸಿಗುತ್ತಿದ್ದವು ನಿಜ. ಆಟಗಳ ಆಸೆಗೆ ಚಂದಾ ಕಟ್ಟುವುದೂ, ಬೀಗ ತೆಗೆಸಿಕೊಳ್ಳಲು ಚಂದಾ ಕಟ್ಟುವುದೂ ಒಂದೇ ಅಲ್ಲ.

ಪ್ರತಿಸ್ಪರ್ಧಿ ದುಡ್ಡು ಕೇಳಿದರೆ ನಾವು ಬಿಟ್ಟಿ ಕೊಟ್ಟು ಗಿರಾಕಿ ಸೆಳೆಯಬೇಕು ಎಂಬುದು ಸಂತೆಯ ಲೆಕ್ಕ. ಕನ್ಸೋಲ್ ಲೋಕದಲ್ಲಿ ಅದು ತಲೆಕೆಳಗಾಯಿತು. ನಿಂಟೆಂಡೊ ಕೂಡ 2018ರ ಸೆಪ್ಟೆಂಬರ್‌ನಲ್ಲಿ ಸಾಲಿಗೆ ಸೇರಿತು: ವರ್ಷಕ್ಕೆ 19.99 ಡಾಲರ್. 2017ರಲ್ಲಿ ಸ್ಪ್ಲಟೂನ್ 2 ಕೊಂಡವರು ವರ್ಷಕ್ಕೂ ಮಿಕ್ಕಿ ಬಿಟ್ಟಿಯಾಗಿ ಆಡಿದ್ದ ಆಟಕ್ಕೇ ಚಂದಾ ಕಟ್ಟಬೇಕಾಯಿತು. ಮಾತಾಡಬೇಕೇ? ಮೊಬೈಲಿನಲ್ಲಿ ಬೇರೆ ಆ್ಯಪ್ ತೆರೆಯಿರಿ ಎಂದಿತು ಕಂಪನಿ. ಎಕ್ಸ್‌ಬಾಕ್ಸ್‌ನವರು 2002ರಲ್ಲೇ ಡಬ್ಬಿಯಲ್ಲಿಟ್ಟು ಕೊಟ್ಟಿದ್ದ ಸೌಲಭ್ಯವಿದು.

ಈ ಕಟ್ಟೆಗೆ ಮೊದಲ ಬಿರುಕು ತಂದದ್ದು ಬಿಟ್ಟಿ ಆಟಗಳು. ಫೋರ್ಟ್‌ನೈಟ್ ಆಡಲು ಪ್ಲೇಸ್ಟೇಷನ್‌ನಲ್ಲಿ ಚಂದಾ ಬೇಕಿರಲಿಲ್ಲ, ಎಕ್ಸ್‌ಬಾಕ್ಸ್‌ನಲ್ಲಿ ಬೇಕಿತ್ತು. 2021ರ ಜನವರಿ 22ರಂದು ಮೈಕ್ರೋಸಾಫ್ಟ್ ಹೊಸ ದರ ಸಾರಿತು: ಆರು ತಿಂಗಳಿಗೆ 59.99 ಡಾಲರ್. ವರ್ಷದ ದುಡ್ಡು ಆರೇ ತಿಂಗಳಿಗೆ! ಕೋವಿಡ್ ಕಾಲ, ಜನ ಮನೆಯಲ್ಲೇ ಕೂತಿದ್ದಾರೆ, ಬೈಯಲು ಬಿಡುವೂ ಬೇಕಾದಷ್ಟು. ದಿನ ಕಳೆಯುವುದರೊಳಗೆ ಕಂಪನಿ ದರ ಏರಿಕೆಯನ್ನು ವಾಪಸು ಪಡೆದು, ಬಿಟ್ಟಿ ಆಟಗಳಿಗೆ ಇನ್ನು ಚಂದಾ ಬೇಡ ಎಂದೂ ಸೇರಿಸಿತು. ಏಪ್ರಿಲ್‌ನಲ್ಲಿ ಅದು ಜಾರಿಯಾಯಿತು. ಪರಿಣಾಮ ಮಾತ್ರ ವಿಚಿತ್ರ: ಆಟಕ್ಕೆ ಒಂದು ಪೈಸೆ ಕೊಡದವನು ಸಲೀಸಾಗಿ ಒಳಗೆ ಹೋಗುತ್ತಾನೆ, ಪೂರ್ತಿ ಬೆಲೆ ಕೊಟ್ಟವನನ್ನು ಗೇಟಿನಲ್ಲಿ ನಿಲ್ಲಿಸುತ್ತಾರೆ. ಕೊಟ್ಟವನು ಕೋಡಂಗಿ.

ಭಾರತದಲ್ಲಿ ಕೈಗೆ ಬಂದೂಕು ಹಿಡಿಸುವ ಆಟವೆಂದರೆ ಬಹುಪಾಲು ಮಕ್ಕಳಿಗೆ ಮೊಬೈಲಿನ ಪಬ್‌ಜಿ, ಈಗ ಬಿಜಿಎಂಐ. ಅಲ್ಲಿ ಒಳಹೋಗಲು ದುಡ್ಡಿಲ್ಲ, ಒಳಗಿನ ಅಂಗಿ ಟೋಪಿಗಳಿಗೆ ದುಡ್ಡು. ಹಾಗೆ ಬೆಳೆದವರು ಮೊದಲ ಕನ್ಸೋಲ್ ಕೊಂಡಾಗ ಪ್ಲೇಸ್ಟೇಷನ್ ಪ್ಲಸ್‌ನ ಬೆಲೆಪಟ್ಟಿ ನೋಡಿ ಕಕ್ಕಾಬಿಕ್ಕಿಯಾಗುವುದು ಸಹಜ. 2022ರ ಜೂನ್‌ನಲ್ಲಿ ಮೂರು ದರ್ಜೆಗಳಾಗಿ ಇಲ್ಲಿಗೆ ಬಂದ ಆ ಚಂದಾದ ಕೆಳಗಿನ ದರ್ಜೆಗೇ ತಿಂಗಳಿಗೆ 499 ರೂಪಾಯಿಯಿತ್ತು. ಮರುವರ್ಷ ವಾರ್ಷಿಕ ದರ ಏರಿತು, ಅಮೆರಿಕದಲ್ಲಿ 59.99 ಡಾಲರ್ ಇದ್ದದ್ದು 79.99 ಆಯಿತು.

ಎಕ್ಸ್‌ಬಾಕ್ಸ್‌ನ ಚಿನ್ನದ ಚಂದಾ 2023ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಅದರ ಜಾಗಕ್ಕೆ ಗೇಮ್ ಪಾಸ್ ಕೋರ್ ಬಂತು, ಎರಡು ವರ್ಷಕ್ಕೆ ಅದರ ಹೆಸರೂ ಬದಲಾಗಿ ಎಸೆನ್ಷಿಯಲ್ ಆಯಿತು. ಆನ್‌ಲೈನ್ ಆಡುವ ಹಕ್ಕು ಈಗ ಹತ್ತಾರು ಆಟಗಳ ಗಂಟಿನೊಳಗಿನ ಒಂದು ಸಾಲು. ಈ ನಡುವೆ, 2024ರ ಮಾರ್ಚ್‌ನಲ್ಲಿ ಫೈನಲ್ ಫ್ಯಾಂಟಸಿ 14 ಎಕ್ಸ್‌ಬಾಕ್ಸ್‌ಗೆ ಬಂತು. ಸಾವಿರಾರು ಜನ ಒಟ್ಟಿಗೆ ಆಡುವ ಈ ಆಟಕ್ಕೆ ಅದರದೇ ತಿಂಗಳ ಚಂದಾ ಉಂಟು. ಕಂಪ್ಯೂಟರಿನಲ್ಲೂ ಪ್ಲೇಸ್ಟೇಷನ್‌ನಲ್ಲೂ ಅಷ್ಟು ಕಟ್ಟಿದರೆ ಸಾಕು. ಎಕ್ಸ್‌ಬಾಕ್ಸ್‌ನವನು ಅದನ್ನೂ ಕಟ್ಟಬೇಕಿತ್ತು, ಗೇಮ್ ಪಾಸನ್ನೂ ಕಟ್ಟಬೇಕಿತ್ತು.