ನೆಲ ನಡುಗಿದ ದಿನ ಆಸ್ಪತ್ರೆ

ಅವಘಡವೊದಗಿದಾಗ ವಿದ್ಯಾನಗರದವರೂ ಹರಿಹರದವರೂ ಧಾವಿಸುವುದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಇಲ್ಲವೇ ಬಾಪೂಜಿ ಆಸ್ಪತ್ರೆಗೆ. ನೆಲವೇ ನಡುಗಿದರೆ ಆಸ್ಪತ್ರೆಗಳ ಗತಿಯೇನು?

2001ರ ಜನವರಿ 26ರಂದು ಗುಜರಾತಿನ ಭುಜ್ ನಗರದಲ್ಲಿ ಸರ್ಕಾರಿ ಆಸ್ಪತ್ರೆಯೇ ಕುಸಿಯಿತು. ಗಾಯಾಳುಗಳಿಗೆ ಜ್ಯೂಬಿಲಿ ಮೈದಾನದ ಬಯಲಿನಲ್ಲಿ ಚಿಕಿತ್ಸೆ ನೀಡಬೇಕಾಯಿತು. ಅನಂತರ ಕಟ್ಟಿದ ಹೊಸ ಆಸ್ಪತ್ರೆ ರಬ್ಬರು, ಸೀಸಗಳಿಂದಾದ ದಿಂಬುಗಳ ಮೇಲೆ ನಿಂತಿದೆ. ನೆಲದ ಅಲುಗಾಟದ ಬಹುಪಾಲನ್ನು ಆ ದಿಂಬುಗಳೇ ನುಂಗಿಕೊಳ್ಳುತ್ತವೆ.

ಆದರೆ ಕಟ್ಟಡ ಉಳಿದರಷ್ಟೇ ಸಾಲದು. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾದ ಮೇಲೆ ಅದನ್ನು ಮತ್ತಷ್ಟು ಭದ್ರವಾಗಿ ಕಟ್ಟಲಾಯಿತು. 1994ರ ಭೂಕಂಪದಲ್ಲಿ ಕಂಬ, ಗೋಡೆಗಳು ಗಟ್ಟಿಯಾಗಿಯೇ ನಿಂತವು. ನೀರಿನ ಕೊಳವೆಗಳು ಒಡೆದವು. ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ನೀರು, ವಿದ್ಯುತ್, ಆಮ್ಲಜನಕ ಇವುಗಳಲ್ಲಿ ಒಂದು ಕೈಕೊಟ್ಟರೂ ಶಸ್ತ್ರಚಿಕಿತ್ಸೆ ನಿಂತಂತೆಯೇ. ಆದ್ದರಿಂದ ಜನರೇಟರನ್ನೂ ಅದರ ಬ್ಯಾಟರಿಯನ್ನೂ ನೆಲಕ್ಕೆ ಬಿಗಿದಿರಬೇಕು. ಆಮ್ಲಜನಕದ ಸಿಲಿಂಡರುಗಳನ್ನು ಸರಪಳಿಯಿಂದ ಕಟ್ಟಿರಬೇಕು. ಕೊಳವೆಗಳ ಜೋಡಣೆ ಮುರಿಯದೆ ಬಾಗುವಂತಿರಬೇಕು. ಔಷಧದ ಕಪಾಟುಗಳು ಗೋಡೆಗೆ ಭದ್ರವಾಗಿರಬೇಕು.

ದಾವಣಗೆರೆ ಇರುವುದು ಅಪಾಯ ಕಡಿಮೆಯಿರುವ ವಲಯದಲ್ಲಿ, ನಿಜ. ಬೀದರ್, ಕಲಬುರಗಿಗಳ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ಕಂಪಿಸಿ ಸುಮಾರು 10,000 ಮಂದಿ ಸತ್ತರು. ನಕ್ಷೆ ಬದಲಾದದ್ದು ಆಮೇಲೆ. ಸಿಲಿಂಡರಿಗೊಂದು ಸರಪಳಿ ಹಾಕಲು ಅಷ್ಟು ಕಾಯಬೇಕಾಗಿಲ್ಲ.