ನಿಮಗಿದು ಗೊತ್ತೆ? ಹೃದಯದ ಕೊಬ್ಬಿಗೂ ದಣಿವಾರುವುದಕ್ಕೂ ನಂಟಿದೆ

ಸೊಂಟದ ಬೊಜ್ಜು ಕಣ್ಣಿಗೆ ಕಾಣುತ್ತದೆ. ಹೃದಯಕ್ಕೆ ಅಂಟಿಕೊಂಡ ಕೊಬ್ಬು ಕಾಣುವುದಿಲ್ಲ. ಅದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಗೋಡೆಯಿಲ್ಲ. ಮಿತಿಯಲ್ಲಿದ್ದಾಗ ಹೃದಯಕ್ಕೆ ಇಂಧನವಾಗುವ ಈ ಕೊಬ್ಬು, ಅತಿಯಾದಾಗ ಉರಿಯೂತದ ರಾಸಾಯನಿಕಗಳನ್ನು ನೇರ ಸ್ನಾಯುವಿಗೇ ಇಳಿಸಬಲ್ಲದು. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಈ ಐದರಲ್ಲಿ ಮೂರು ಹದ ತಪ್ಪಿದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಅದಿರುವವರಲ್ಲಿ ಹೃದಯದ ಈ ಕೊಬ್ಬಿನ ಪದರ ದಪ್ಪವಾದಷ್ಟೂ ವ್ಯಾಯಾಮದ ನಂತರ ದಣಿವಾರಿ ನಾಡಿ ಇಳಿಯುವುದು ನಿಧಾನವೆಂದು ಅಧ್ಯಯನಗಳು ಹೇಳುತ್ತವೆ. 2,428 ಮಂದಿಯನ್ನು ಆರು ವರ್ಷ ಗಮನಿಸಿ 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವ್ಯಾಯಾಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿ 12 ಬಡಿತಕ್ಕಿಂತ ಹೆಚ್ಚು ಇಳಿಯದವರಿಗೆ ಸಾವಿನ ಅಪಾಯ ಹೆಚ್ಚಿತ್ತು.

ನಂಟಿದ್ದ ಮಾತ್ರಕ್ಕೆ ಕೊಬ್ಬೇ ಕಾರಣವೆನ್ನಲಾಗದು ಎಂಬ ಆಕ್ಷೇಪ ಸರಿಯೇ. ಆದರೆ ನಿಯಮಿತ ವ್ಯಾಯಾಮದಿಂದ ಆ ಕೊಬ್ಬೂ ಕರಗುತ್ತದೆ, ನಾಡಿಯೂ ಬೇಗ ಇಳಿಯುತ್ತದೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಂತು, ತುಂಡಾದ ಎಳೆಗೆ ಗಂಟು ಹಾಕುವವರು ‘ನಾವು ಮೈಮುರಿದು ದುಡಿಯುತ್ತೇವಲ್ಲ’ ಎನ್ನಬಹುದು. ಆ ದಣಿವು ನಿಜ. ಆದರೆ ನಿಂತಲ್ಲೇ ಮಾಡುವ ಕೆಲಸ ಹೃದಯಕ್ಕೆ ಏರಿಳಿತದ ಅಭ್ಯಾಸ ಕೊಡದು. ಅದಕ್ಕೆ ದಿನಕ್ಕೆ ಅರ್ಧ ಗಂಟೆಯ ಬಿರುನಡಿಗೆ ಬೇಕು. ನಡೆಯುವಾಗ ಎದೆ ಬಿಗಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.