ಒಣಗಿದ ರೆಂಬೆಯ ಸಾಕ್ಷ್ಯ

ಒಂದು ಗಿಡವು ಇಂಥ ಕಾಲದಲ್ಲಿ ಇಂಥ ಸ್ಥಳದಲ್ಲಿ ಬೆಳೆದಿತ್ತೆಂಬುದಕ್ಕೆ ಸಸ್ಯವಿಜ್ಞಾನಿಗಳು ಒದಗಿಸುವ ಆಧಾರವೇ ಹರ್ಬೇರಿಯಂ ಹಾಳೆ. ರೆಂಬೆಯನ್ನು ಒತ್ತಿ ಒಣಗಿಸಿ ದಪ್ಪ ಕಾಗದಕ್ಕೆ ಅಂಟಿಸುತ್ತಾರೆ. ಹೆಸರು, ಸ್ಥಳ, ಎತ್ತರ, ದಿನಾಂಕ, ಸಂಗ್ರಾಹಕರ ಹೆಸರುಳ್ಳ ಚೀಟಿಯನ್ನು ಜೊತೆಗೆ ಹಚ್ಚುತ್ತಾರೆ. ಹಸ್ತಪ್ರತಿಯ ಕಾಲನಿರ್ಣಯಕ್ಕೆ ಅಂತ್ಯದ ಲಿಪಿಕಾರವಾಕ್ಯ ಹೇಗೋ ಇಲ್ಲಿ ಈ ಚೀಟಿ ಹಾಗೆ. ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಕಾಡು ಎಲ್ಡರ್‌ಬೆರಿ ಇದಕ್ಕೆ ಉತ್ತಮ ನಿದರ್ಶನ.

ನೀಲಿ ಎಲ್ಡರ್‌ಬೆರಿ ತೇವವನ್ನು ಬಯಸುವ ಪೊದೆ. ಒಣಸೀಮೆಯಲ್ಲಿ ಅದು ಹೆಚ್ಚಾಗಿ ತೊರೆ, ಒರತೆಗಳ ಅಂಚನ್ನು ಆಶ್ರಯಿಸುತ್ತದೆ. ಆದುದರಿಂದ ಅದರ ಹಾಳೆಯು ಗಿಡದ ಜೊತೆಗೆ ನೀರಿನ ಇರವನ್ನೂ ಸೂಚಿಸಬಲ್ಲುದು. ಕಪ್ಪುನೀಲಿ ಹಣ್ಣಿನ ಮೇಲಣ ಬಿಳಿಯ ಮೇಣದ ಲೇಪದಿಂದ ಹಣ್ಣು ತಿಳಿನೀಲಿಯಾಗಿ ತೋರುತ್ತದೆ. ಒಣಗಿದ ಹಣ್ಣಿನಲ್ಲಿ ಈ ಬಣ್ಣ ಹಾಗೆಯೇ ಉಳಿಯದು. ಸಂಗ್ರಾಹಕರು ಅದನ್ನು ಆಗಲೇ ಬರೆದಿಡಬೇಕು.

ಹೆಸರಿನಲ್ಲಿ ಮೊದಲ ತೊಡಕು. 1838ರಲ್ಲಿ ರಾಫಿನೆಸ್ಕ್ ಈ ಗಿಡವನ್ನು ಸ್ಯಾಂಬುಕಸ್ ಸೆರುಲಿಯಾ ಎಂದು ಕರೆದನು. 1994ರಲ್ಲಿ ಬೊಲ್ಲಿ ಅದನ್ನು ಯೂರೋಪಿನ ಸ್ಯಾಂಬುಕಸ್ ನೈಗ್ರಾದ ಉಪಪ್ರಭೇದವೆಂದು ಪರಿಗಣಿಸಿದನು. ಕೆಲವು ಚೀಟಿಗಳಲ್ಲಿ ಸ್ಯಾಂಬುಕಸ್ ಮೆಕ್ಸಿಕಾನಾ ಎಂದೂ ಇರುತ್ತದೆ. ಒಂದೇ ಹೆಸರನ್ನು ಹುಡುಕಿದವರಿಗೆ ಉಳಿದ ಹಾಳೆಗಳು ದೊರೆಯವು. ಆದರೆ ಹೆಸರು ಬದಲಾದರೂ ರೆಂಬೆ ಬದಲಾಗದು. ಪಾಠಾಂತರಗಳ ನಡುವೆ ಮೂಲಪ್ರತಿಯೇ ಉಳಿದಂತೆ, ಅದನ್ನು ಮತ್ತೆ ಪರೀಕ್ಷಿಸಬಹುದು.

ಸ್ಥಳನಿರ್ದೇಶ ಇನ್ನೂ ಸೂಕ್ಷ್ಮವಾದುದು. ಹಳೆಯ ಚೀಟಿಗಳಲ್ಲಿ ಅಕ್ಷಾಂಶ ರೇಖಾಂಶಗಳು ಸಾಮಾನ್ಯವಾಗಿ ಇರುವುದಿಲ್ಲ. ತೊರೆಯ ಹೆಸರೋ ಕಾಲುದಾರಿಯ ಹೆಸರೋ ಮಾತ್ರ ಇರುತ್ತದೆ. ಈ ಕಣಿವೆಯ ಆಳ ಸುಮಾರು 1.5 ಕಿಲೋಮೀಟರ್. ಮೇಲಂಚಿನಲ್ಲಿ ಪೈನ್ ಕಾಡು, ತಳದಲ್ಲಿ ಮರುಭೂಮಿ. ನಕ್ಷೆಯಲ್ಲಿ ಬಿಂದುವು ಕೊಂಚ ಸರಿದರೂ ಗಿಡವು ಬೇರೊಂದು ಹವಾಗುಣಕ್ಕೆ ಸೇರಿಬಿಡುತ್ತದೆ. ಎತ್ತರವನ್ನು ನಮೂದಿಸಿದ ಚೀಟಿಗೆ ಬೆಲೆ ಹೆಚ್ಚುವುದು ಇದರಿಂದಲೇ.

ಕಾಲವೂ ಮುಖ್ಯ. 1938ರಲ್ಲಿ ಎಲ್ಜಾಡಾ ಕ್ಲೋವರ್ ಹಾಗೂ ಲೋಯಿಸ್ ಜಾಟರ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ದೋಣಿಗಳ ತಂಡದೊಂದಿಗೆ ಕೊಲರಾಡೋ ನದಿಯಲ್ಲಿ ಸಾಗಿ ಕಣಿವೆಯ ಸಸ್ಯಗಳನ್ನು ಸಂಗ್ರಹಿಸಿದರು. 1944ರಲ್ಲಿ ಅದರ ಫಲವನ್ನು ಪ್ರಕಟಿಸಿದರು. 1963ರಲ್ಲಿ ಮೇಲ್ಭಾಗದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ ನೀರನ್ನು ತಡೆದ ಮೇಲೆ ಪ್ರತಿವರ್ಷದ ಮಹಾಪೂರಗಳು ನಿಂತು ದಡದ ಸಸ್ಯವರ್ಗವೇ ಮಾರ್ಪಟ್ಟಿತು. ಅದಕ್ಕೆ ಮುಂಚಿನ ದಡವನ್ನು ತಿಳಿಯಲು ಅಂದಿನ ಹಾಳೆಗಳೇ ಇಂದಿನ ಮುಖ್ಯ ಆಧಾರಗಳಲ್ಲೊಂದು.

ಆದರೆ ಹಾಳೆಯಿಲ್ಲದ ಕಡೆ ಗಿಡವೂ ಇರಲಿಲ್ಲವೆಂದು ತೀರ್ಮಾನಿಸಲಾಗದು. ಸಂಗ್ರಾಹಕರು ನಡೆದುದು ದಾರಿಯಿದ್ದಲ್ಲಿ, ನಿಂತುದು ದೋಣಿ ನಿಂತಲ್ಲಿ. ದಾಖಲೆಯ ಮೌನವನ್ನು ಅಭಾವವೆಂದು ಓದದಿರುವುದು ಶಾಸನ, ಹಸ್ತಪ್ರತಿಗಳ ಅಭ್ಯಾಸಿಗಳಿಗೂ ಸಲ್ಲುವ ವಿವೇಕ.